ಕೇಳಿದವರು ನೀವೇನಾ?

ಬ್ಯಾಡಗಿಯೊಳಗ ನಮ್ಮ ಸಾಲಿನ ಮೆಣಸಿನಕಾಯಿ ಅಂಗಡಿಗಳಿಗೆಲ್ಲ ಸೇರಿ ಆಗ ಒಂದೇ ಇಮೇಲ್ ಇತ್ತು. ಪಾಸ್‌ವರ್ಡ್ ಎಲ್ಲಾರಿಗೂ ಗೊತ್ತು. ನಾ ಕಳಿಸಿದ ಪತ್ರದ ಮ್ಯಾಲೆ ನನ್ನ ಅಂಗಡಿ ಹೆಸರೇ ಕಾಣಲಿ ಅಂತ ಹಾವೇರಿಯ ಸೈಬರ್ ಕೆಫೆದಾಗ ಕುಂತು ಆ ಇಮೇಲಿಗೆ ಹೊಸ ಹೆಸರು ಸೇರಿಸಿದೆ. 'ಈ ಹೆಸರು ಕೇಳಿದವರು ನೀವೇನಾ?' ಅಂತ ಇಮೇಲ್ ಕಂಪನಿಯವರು ಅದೇ ಇಮೇಲಿಗೆ ಪತ್ರ ಹಾಕಿದರು. ನಾ ನೋಡೂದರಾಗ ಬಾಜೂ ಅಂಗಡಿ ಈರಣ್ಣ ಅದನ್ನ ತಗದು 'ಅಲ್ಲ' ಅಂತ ಒತ್ತಿಬಿಟ್ಟಿದ್ದ. ನನ್ನ ಹೆಸರು ರದ್ದಾತು.

"ಯಾಕ ಒತ್ತಿದಿಪಾ?" ಅಂದೆ.

"ನಾ ಏನೂ ಕೇಳಿರಲಿಲ್ಲಲ್ಲ. ಸುಳ್ಳು ಹ್ಯಾಂಗ ಹೇಳ್ಲಿ?"

ಹಿಂದಿನ ವಾರ ನನ್ನ ಗಿರಾಕಿ ನನ್ನ ಹೆಸರು ಬರೆದು ಕಳಿಸಿದ ಆರ್ಡರಿಗೆ 'ಹೂಂರಿ, ಮಾಲ್ ಕಳಸ್ತೇನಿ' ಅಂತ ಉತ್ತರ ಹಾಕುವಾಗ ಮಾತ್ರ ಈ ಸತ್ಯವಂತಗ ತಾನು ನಾನಲ್ಲ ಅನ್ನೂದು ನೆನಪಾಗಿರಲಿಲ್ಲ.