ಸೈಕಲಕ್ಕ ಕಟ್ಟಿಸಿದ ನಾಲ್ಕನೇ ಅಂತಸ್ತು

ನಮ್ಮ ಓಣಿಯಲ್ಲಿ ನನ್ನ ಸಿಟ್ಟಿಗೆ ಹೆದರದವರು ಒಬ್ಬರೇ, ಆರೋಗ್ಯ ಕೇಂದ್ರದ ನರ್ಸಮ್ಮ. ಗಂಡ ತೀರಿಕೊಂಡ ಮೇಲೆ ಅವನ ಸೈಕಲ್ ಹತ್ತಿ ಇಪ್ಪತ್ತು ವರ್ಷ ಮನೆಮನೆ ಸುತ್ತಿದವರು. ಎಲ್ಲರಿಗೂ ಸೈಕಲಕ್ಕ. ಸೈಕಲ್ಲಿಗೆ ಬ್ರೇಕಿರಲಿಲ್ಲ, ಕಾಲೇ ಬ್ರೇಕು. ಬಾಯಿಗೆ ಅದೂ ಇಲ್ಲ.

ನಾನು ಬಡಗಿ. ಇರುವುದೊಂದೇ ಕೋಣೆ. ಮಗು ಹುಟ್ಟಿದಾಗಲೆಲ್ಲ ಮಂಚದ ಮೇಲೊಂದು ಅಂತಸ್ತು ಏರಿಸುವುದು ನನ್ನ ಪದ್ಧತಿ. ಮೂರು ಮಕ್ಕಳು, ಮೂರು ಅಂತಸ್ತು. ಮೂರನೆಯ ಹೆರಿಗೆಯಲ್ಲಿ ಹೆಂಡತಿ ಸತ್ತು ಬದುಕಿದಳು. ಇನ್ನೊಂದಾದರೆ ಜೀವ ಉಳಿಯದು, ಮಕ್ಕಳಾಗದ ಹಾಗೆ ಆಪರೇಷನ್ ಮಾಡೋಣವೆಂದರೆ ಮೈಯಲ್ಲಿ ರಕ್ತವೇ ಇಲ್ಲ ಎಂದರು ಡಾಕ್ಟರು. ಸೈಕಲಕ್ಕ ನೆಟ್ಟಗೆ ನನ್ನ ಬಳಿ ಬಂದರು.

"ತಮ್ಮಾ, ಆಪರೇಷನ್ ನೀನೇ ಮಾಡಿಸ್ಕೋ. ಸಣ್ಣ ಕೆಲ್ಸ."

"ನಾನಾ? ಗಂಡಸು ಕಣಕ್ಕಾ ನಾನು!"

"ಅದಕ್ಕೇ ನಿನ್ನ ಕೇಳ್ತಿರೋದು. ನಿನ್ನ ಮಂಚನ ಕೇಳೋಕಾಗುತ್ತಾ?"

ಒಲೆಯ ಬಳಿ ಹೆಂಡತಿ ಕಿಸಕ್ಕೆಂದಳು. ನನಗೆ ಸಿಟ್ಟು ನೆತ್ತಿಗೇರಿತು.

"ಎಷ್ಟು ಮಕ್ಕಳಾದ್ರೂ ಜಾಗ ನಾನು ಮಾಡ್ತೀನಿ! ನೀವು ಹೊರಡಿ!"

"ಹಾಗಾದ್ರೆ ನಾಲ್ಕನೇದು ಈಗ್ಲೇ ಏರಿಸು. ನೋಡ್ಕೊಂಡೇ ಹೋಗ್ತೀನಿ" ಎಂದು ಸ್ಟೂಲಿನ ಮೇಲೆ ಕೂತೇಬಿಟ್ಟರು.

ಸಿಟ್ಟಲ್ಲಿ ಹಲಗೆ ಕೂರಿಸಿದೆ, ಮೊಳೆ ಬಡಿದೆ. ಊರವರ ಮನೆಯನ್ನೆಲ್ಲ ಎರಡೆರಡು ಸಲ ಅಳೆಯುವ ನಾನು, ನನ್ನ ಕೋಣೆಯ ಎತ್ತರ ಒಮ್ಮೆಯೂ ಅಳೆದಿರಲಿಲ್ಲ.

"ಮಲಗಿ ತೋರಿಸಪ್ಪಾ."

ಹತ್ತಿದೆ. ತಲೆ ತೂರಿತು, ಎದೆ ತೂರಿತು, ಹೊಟ್ಟೆ ಸಿಕ್ಕಿಕೊಂಡಿತು. ಹಲಗೆಗೂ ತಗಡಿನ ಚಾವಣಿಗೂ ನಡುವೆ ಗೇಣು ಜಾಗ! ಮಕ್ಕಳು ಕಾಲಿಗೆ ಜೋತುಬಿದ್ದು ಎಳೆದರು. ಚಡ್ಡಿ ಬಂತು, ನಾನು ಬರಲಿಲ್ಲ. ಸೈಕಲಕ್ಕ ನಕ್ಕೂ ನಕ್ಕೂ ಸ್ಟೂಲಿನಿಂದ ಉರುಳಿದರು. ಹೆಂಡತಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಉಸಿರು ಸಾಲದೆ ಗೋಡೆಗೊರಗಿ ಕುಸಿದಳು. ಮೇಲಿಂದ ಕಂಡೆ, ನಗುವ ತುಟಿ ಸುಣ್ಣದ ಹಾಗೆ ಬಿಳಿ. ನಗುವಷ್ಟೂ ರಕ್ತ ಉಳಿಸಿಲ್ಲವಲ್ಲ ನಾನು ಇವಳಲ್ಲಿ!

"ಅಕ್ಕಾ, ನಿಮ್ಮ ಸೈಕಲ್ ಕ್ಯಾರಿಯರ್ ಗಟ್ಟಿ ಇದೆಯಾ?"

"ಯಾಕೋ?"

"ಮೊದ್ಲು ಕೆಳಗಿಳಿಸಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಒಯ್ಯಿರಿ."

ಮರುದಿನ ಅವರ ಹಿಂದೆ ಕೂತು ಆಪರೇಷನ್ನಿಗೆ ಹೊರಟಾಗ ಓಣಿಯೆಲ್ಲ ಸಿಳ್ಳೆ. ಇಳಿಜಾರಲ್ಲಿ ನಾಲ್ಕು ಕಾಲೂ ಬ್ರೇಕು! "ಏನ್ರೋ ನೋಡ್ತೀರಾ? ಮುಂದಿನ ಸರದಿ ನಿಮ್ದೇ!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು.

ಆ ಹಲಗೆ ಕಿತ್ತು ಅವರ ಕ್ಯಾರಿಯರ್‌ಗೆ ಒಳ್ಳೆಯ ಸೀಟು ಮಾಡಿಕೊಟ್ಟೆ. ಇಲ್ಲಿಯವರೆಗೆ ಆರು ಗಂಡಸರು ಅದರ ಮೇಲೆ ಕೂತು ಹೋಗಿದ್ದಾರೆ. ನನ್ನ ಹೆಂಡತಿಯ ಕೆನ್ನೆಗೆ ಬಣ್ಣ ಬಂದಿದೆ. ಈಗ ನನಗಿಂತ ಜೋರಾಗಿ ಕೂಗಾಡುತ್ತಾಳೆ, ಕೇಳಲು ಎಷ್ಟು ಹಿತ!