ಬಸಲಿಂಗನ ಬಲಗಾಲು

ಬಸಲಿಂಗನಿಗೆ ತನ್ನ ಬಲಗಾಲಿನ ಮೇಲೆ ನಂಬಿಕೆ ಇರಲಿಲ್ಲ. ಕಾಲಿಗೇನೂ ಆಗಿರಲಿಲ್ಲ, ಕಲ್ಲಿನಂಥ ಕಾಲು. ಆದರೂ ಕೂತಾಗ ಅದನ್ನು ಮಡಿಸಿ ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದ. ಸ್ಕೂಟರ್ ಕಲಿಯಲೇ ಇಲ್ಲ. ಮೊಮ್ಮಗಳು ನೆಲದ ಮೇಲೆ ಮಲಗಿದ್ದರೆ ಸುತ್ತು ಬಳಸಿ ಹೋಗುತ್ತಿದ್ದ. ಹೆಂಡತಿ ನೀಲಾಂಬಿಕಾ ಮೊದಮೊದಲು ನಕ್ಕಳು, ಆಮೇಲೆ ಬೈದಳು, ಕೊನೆಗೆ ರೂಢಿಯಾಗಿ ಸುಮ್ಮನಾದಳು. ಕುಡಿತ, ಇಸ್ಪೀಟು ಅಂಟಿಸಿಕೊಂಡ ಗಂಡಂದಿರ ನಡುವೆ ಕಾಲಿನ ಮೇಲೆ ಅನುಮಾನಪಡುವ ಗಂಡ ಎಷ್ಟೋ ವಾಸಿ ಅನ್ನಿಸಿರಬೇಕು.

ಕೆಟ್ಟಿದ್ದು ಅವನ ಕಾಲಲ್ಲ, ಕೈ. ಗುಬ್ಬಿ ಕಡೆಯಿಂದ ಪೀಣ್ಯಕ್ಕೆ ಬಂದವನು ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ. ಆಳೆತ್ತರದ ಯಂತ್ರ ಅದು. ಪಕ್ಕದಲ್ಲಿ ದೊಡ್ಡ ಚಕ್ರ ಸದಾ ತಿರುಗುತ್ತಿರುತ್ತದೆ. ಕೆಳಗಿನ ಪೆಡಲ್ ತುಳಿದರೆ ಮೇಲಿನ ಉಕ್ಕಿನ ದಿಮ್ಮಿ ಧಡಕ್ಕನೆ ಇಳಿದು, ತಗಡು ಕತ್ತರಿಸಿ, ಮೇಲಕ್ಕೆ ಹೋಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಅದು ಅವನ ಬಲಗೈಯ ನಾಲ್ಕು ಬೆರಳು ತೆಗೆದುಕೊಂಡಿತು. ಹೆಬ್ಬೆರಳೊಂದು ಉಳಿಯಿತು. ಕಾರ್ಖಾನೆಯವರು ಆಸ್ಪತ್ರೆಗೇ ಬಂದು, "ಪ್ರೆಸ್ ತಾನಾಗೇ ಬೀಳಲ್ಲಪ್ಪ. ಕೈ ಒಳಗಿದ್ದಾಗ ನೀನೇ ಪೆಡಲ್ ತುಳಿದಿದ್ದೀಯ" ಎಂದರು. ತುಳಿದ ನೆನಪು ಅವನಿಗಿರಲಿಲ್ಲ, ತುಳಿಯಲಿಲ್ಲ ಎಂದು ಆಣೆ ಮಾಡುವ ಧೈರ್ಯವೂ ಇರಲಿಲ್ಲ. ತಿಳಿದವರು ಹೇಳುತ್ತಿದ್ದಾರೆ, ಇರಬೇಕು ಎಂದುಕೊಂಡ. ಪರಿಹಾರದ ಮಾತು ಅಲ್ಲಿಗೇ ಮುಗಿಯಿತು. ಅಂದಿನಿಂದ ಆ ಕಾಲು ಅವನ ಪಾಲಿಗೆ ಮನೆಯೊಳಗೇ ಸಾಕಿಕೊಂಡ ಕಳ್ಳನಾಯಿತು.

ಕಾರ್ಖಾನೆಯವರು ಸುಮ್ಮನೆ ಕೂತರು ಅನ್ನುವ ಹಾಗೂ ಇಲ್ಲ. ಪೂಜಾರಿಯನ್ನು ಕರೆಸಿ, ಬೂದುಗುಂಬಳಕಾಯಿ ಒಡೆಸಿ, ಪ್ರೆಸ್ಸಿನ ಕೊರಳಿಗೆ ತಾಮ್ರದ ತಾಯತ ಕಟ್ಟಿಸಿದರು. ಗಂಡನ ಊಟದ ಡಬ್ಬಿ ತರಲು ಹೋದ ನೀಲಾಂಬಿಕಾ ಅದನ್ನು ಕಣ್ಣಾರೆ ಕಂಡಿದ್ದಳು. ಯಂತ್ರವನ್ನು ಬಿಚ್ಚಿ ನೋಡಿದವರನ್ನು ಮಾತ್ರ ಅವಳು ಕಾಣಲಿಲ್ಲ.

ಆಮೇಲೆ ಬಸಲಿಂಗನಿಗೆ ಅನ್ನ ಕೊಟ್ಟಿದ್ದು ಗುಜರಿ. ಟಿ. ದಾಸರಹಳ್ಳಿಯ ಹಳೇ ಒಕ್ಕಲುಮನೆಯ ಶ್ಯಾಮಣ್ಣ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ತಗಡಿನ ಬೇಲಿ ಹಾಕಿ ಕಬ್ಬಿಣದ ವ್ಯಾಪಾರಕ್ಕೆ ಕೂತಿದ್ದರು. ಬಂದ ಲೋಡನ್ನು ಬಸಲಿಂಗ ಬೇರ್ಪಡಿಸುತ್ತಿದ್ದ: ಬೀಡುಕಬ್ಬಿಣ ಒಂದು ಕಡೆ, ಉಕ್ಕು ಒಂದು ಕಡೆ, ತುಕ್ಕು ಹಿಡಿಯದ ಸ್ಟೀಲು ಇನ್ನೊಂದು ಕಡೆ. ಗ್ಯಾಸ್ ಕಟಿಂಗಿನವರು ದೊಡ್ಡದನ್ನು ಕೊಯ್ದು ತುಂಡು ಮಾಡುತ್ತಿದ್ದರು, ಕರಗಿಸುವ ಫರ್ನೇಸಿಗೆ ಲಾರಿ ಹೋಗುತ್ತಿತ್ತು. ಬಂದದ್ದೆಲ್ಲ ಕರಗಿ ಇನ್ನೇನೋ ಆಗುತ್ತದೆ ಎನ್ನುವುದು ಅವನಿಗೆ ಒಂಥರಾ ಸಮಾಧಾನ ಕೊಡುತ್ತಿತ್ತು.

ಮುಚ್ಚಿಹೋದ ಯಾವುದೋ ಕಾರ್ಖಾನೆಯ ಮಾಲು ಹೊತ್ತು ಆ ಲಾರಿ ಬಂದ ಬೆಳಿಗ್ಗೆ ಬಸಲಿಂಗ ಇನ್ನೂ ಗೇಟಿನಲ್ಲಿದ್ದ. ಟಾರ್ಪಾಲು ಬಿಚ್ಚಿರಲಿಲ್ಲ. ಇಲ್ಲದ ನಾಲ್ಕು ಬೆರಳಿಗೆ ಐಸು ಮುಟ್ಟಿದಂತೆ ಚಳಿ ಹತ್ತಿತು. ಇಲ್ಲದ ಬೆರಳು ಆಗಾಗ ಕಡಿಯುವುದು, ಜುಮ್ಮೆನ್ನುವುದು ಅವನಿಗೆ ಹೊಸದಲ್ಲ. ಇಷ್ಟು ವರ್ಷದಲ್ಲಿ ಅವು ನಡುಗಿದ್ದು ಅದೇ ಮೊದಲು.

ಟಾರ್ಪಾಲು ಸರಿಸಿದರು. ಹಸಿರು ಬಣ್ಣ, ಬಲಗಡೆ ನೆಗ್ಗಿದ ಚಕ್ರದ ಮುಚ್ಚಳ. ಅದೇ ಪ್ರೆಸ್ಸು. ಆಯುಧಪೂಜೆಯ ಕುಂಕುಮ ವರ್ಷದ ಮೇಲೆ ವರ್ಷ ಕೂತು ಕರಿಹಕ್ಕಳೆಯಾಗಿತ್ತು. ಕೊರಳಿನ ತಂತಿಯಲ್ಲಿ ತಾಯತ ಒಂದಲ್ಲ, ಮೂರು ತೂಗುತ್ತಿದ್ದವು.

ಬಸಲಿಂಗ ತಾಯತಗಳನ್ನು ಮತ್ತೊಮ್ಮೆ ಎಣಿಸಿದ. ಅವನ ನಂತರ ಇನ್ನಿಬ್ಬರ ಕೈ ಹೋಗಿರಬೇಕು. ಮೂರು ಜನರ ಕಾಲೂ ಕಳ್ಳ ಕಾಲುಗಳೇ?

"ಅಣ್ಣೋರೆ, ಇದನ್ನ ಮೊದ್ಲು ಕೊಯ್ಸಿಬಿಡಿ" ಎಂದು ಶ್ಯಾಮಣ್ಣನ ಹತ್ತಿರ ಓಡಿದ.

"ಕೊಯ್ಯಾಕೆ ತಲೆ ಕೆಟ್ಟದೇನ್ಲಾ? ಓಡೋ ಮಿಷಿನ್ನು. ತೂಕಕ್ಕೆ ಮಾರಿದ್ರೆ ಏನ್ ಗಿಟ್ತದೆ? ಹೆಗ್ಗನಹಳ್ಳೀಲಿ ಗಂಡ ಹೆಂಡ್ತಿ ಶೆಡ್ ಆಕ್ತಾವ್ರೆ, ನಾಳೆ ನೋಡಾಕೆ ಬತ್ತಾರೆ."

"ನನ್ ಬೆರಳು ತಿಂದಿದ್ದು ಇದೇ. ಇದು ತಾನಾಗೇ ಬೀಳ್ತದೆ ಅಣ್ಣೋರೆ."

"ಇಷ್ಟ್ ದಿನ ನಾನೇ ತುಳ್ದೆ, ನನ್ ಕಾಲೇ ಸರಿಗಿಲ್ಲ ಅಂತ ಊರೆಲ್ಲ ಏಳ್ಕೊಂಡ್ ತಿರುಗ್ತಿದ್ದೋನು ನೀನು. ಈಗ ಮಿಷಿನ್ ಮ್ಯಾಲೆ ಆಕ್ತೀಯಾ?"

ಇಪ್ಪತ್ತು ವರ್ಷ ಬಸಲಿಂಗ ತನ್ನ ಮೇಲೆ ತಾನೇ ಹೇಳಿಕೊಂಡ ಚಾಡಿ ಈಗ ಅವನನ್ನೇ ಸುಳ್ಳನನ್ನಾಗಿ ಮಾಡಿತ್ತು.

ಆ ದಿನ ಪ್ರೆಸ್ಸು ಅಂಗಳದ ನಡುವೆ ನಿಂತಿತ್ತು. ಬೆಚ್ಚಗಿನ ಕಬ್ಬಿಣ ಕಂಡಲ್ಲೆಲ್ಲ ಮೈಚಾಚುವ ಗುಜರಿಯ ನಾಯಿ ಅದರ ನೆರಳನ್ನೂ ಬಳಸಿಕೊಂಡು ಹೋಯಿತು. ಚಕ್ರದ ಮೇಲ್ತುದಿಯಲ್ಲಿ ಯಾರೋ ಎಳೆದಿದ್ದ ಸೀಮೆಸುಣ್ಣದ ಗೆರೆ ಮಧ್ಯಾಹ್ನದ ಹೊತ್ತಿಗೆ ಪಕ್ಕಕ್ಕೆ ಬಂದಿತ್ತು, ಸಂಜೆಗೆ ಕೆಳಗಿಳಿದಿತ್ತು. ಕರೆಂಟಿನ ಸಂಪರ್ಕವೇ ಇರಲಿಲ್ಲ. ಇಬ್ಬರು ಆಳು ತಳ್ಳಿದರಷ್ಟೇ ಅಲುಗುವ ಚಕ್ರ ಅದು. ಮೆಟ್ರೋ ಓಡಾಡಿ ನೆಲ ಅದುರುತ್ತೆ, ಅದಕ್ಕೇ ಎಂದರು ಶ್ಯಾಮಣ್ಣ. ಇರಬಹುದು. ಹಾಗಾದರೆ ಉಳಿದ ಚಕ್ರಗಳು ಯಾಕೆ ಅಲ್ಲಾಡಲಿಲ್ಲ?

ಮಾರನೇ ದಿನ ಹೆಗ್ಗನಹಳ್ಳಿಯ ಗಂಡ ಹೆಂಡತಿ, ಶ್ರೀಧರ್ ಮತ್ತು ಶ್ಯಾಮಲಾ, ಬೈಕಿನಲ್ಲಿ ಬಂದರು. ಶೆಡ್ಡಿನಲ್ಲಿ ಪ್ರೆಸ್ ನಡೆಸಬೇಕಾದವಳು ಶ್ಯಾಮಲಾ. ಗಾರ್ಮೆಂಟ್ಸಿನಲ್ಲಿ ಹತ್ತಾರು ವರ್ಷ ಹೊಲಿದು ಚುರುಕಾದ ಕೈ. ಕರೆಂಟ್ ಕೊಟ್ಟರು. ಚಕ್ರ ಗುಂಯ್ ಎಂದು ತಿರುಗಿತು. ಶ್ರೀಧರ್ ತುಳಿದಾಗೆಲ್ಲ ದಿಮ್ಮಿ ಇಳಿಯಿತು, ತುಳಿಯದಾಗ ಮೇಲೆ ನಿಂತಿತು. ತಗಡಿನ ಬಿಲ್ಲೆಗಳು ಚೊಕ್ಕವಾಗಿ ಬಿದ್ದವು.

"ಸ್ವಲ್ಪ ತಡೀರಿ ಸಾರ್, ಯಾರೂ ಮುಟ್ಬೇಡಿ. ಸುಮ್ನೆ ಬಿಟ್ಟು ನೋಡಿ" ಎಂದ ಬಸಲಿಂಗ.

ಬಿಟ್ಟು ನೋಡಿದರು. ಚಕ್ರ ತಿರುಗಿತು, ದಿಮ್ಮಿ ಮೇಲೇ ಇತ್ತು. ಇನ್ನಷ್ಟು ಹೊತ್ತು ಕಾದರು. ಅದು ತನ್ನ ಪಾಡಿಗೆ ತಾನು ಒಳ್ಳೆ ಹುಡುಗಿಯ ಹಾಗೆ ನಿಂತಿತ್ತು. ತನ್ನನ್ನು ನೋಡಿ ಮೇಲೇ ನಿಂತಿದೆ ಎಂದು ಬಸಲಿಂಗನಿಗೆ ಅನ್ನಿಸಿತು. ಶ್ಯಾಮಣ್ಣ ನಕ್ಕರು. ಶ್ರೀಧರ್ ಮುಂಗಡ ಕೊಡಲು ಮೊಬೈಲ್ ತೆಗೆದ.

ಶ್ಯಾಮಲಾ ಸ್ಟೂಲ್ ಎಳೆದುಕೊಂಡು ಕೂತಳು. ಎರಡು ಕಾಲನ್ನೂ ಸ್ಟೂಲಿನ ಅಡ್ಡಕಂಬಿಯ ಮೇಲಿಟ್ಟು, ಒಳಗೆ ಸಿಕ್ಕಿಕೊಂಡಿದ್ದ ಬಿಲ್ಲೆ ತೆಗೆಯಲು ಕೈ ಚಾಚಿದಳು. ಬಸಲಿಂಗನ ಕಣ್ಣು ಅವಳ ಕಾಲಿನ ಮೇಲೇ ಇತ್ತು, ಅದು ಅವನ ಹಳೇ ಚಾಳಿ. ಇಲ್ಲದ ಬೆರಳುಗಳು ಒಮ್ಮೆಲೇ ಸೆಟೆದುಕೊಂಡವು. ಅವನು ಯೋಚಿಸಲಿಲ್ಲ. ಹೋಗಿ ಅವಳ ತೋಳಿಗೆ ತೋಳು ಹಾಕಿ ಎಳೆದ.

ಧಡ್!

ಶ್ಯಾಮಲಾ ನೆಲದ ಮೇಲಿದ್ದಳು. ಕೈ ಇತ್ತು. ಅವಳ ಗಾಜಿನ ಬಳೆಯೊಂದು ಒಳಗೆ ಪುಡಿಯಾಗಿ ಬಿದ್ದಿತ್ತು. ಪೆಡಲ್ ಹತ್ತಿರ ಯಾರೂ ಇರಲಿಲ್ಲ. ಚಕ್ರ ಏನೂ ಆಗಿಲ್ಲವೆಂಬ ಹಾಗೆ ತಿರುಗುತ್ತಲೇ ಇತ್ತು. ಶ್ಯಾಮಣ್ಣ ಓಡಿಹೋಗಿ ಸ್ವಿಚ್ ಆರಿಸಿದರು.

ಮೊದಲು ಬಾಯಿ ಬಿಟ್ಟಿದ್ದು ಶ್ರೀಧರ್. ಹೆಂಡತಿಯನ್ನು ಎತ್ತುವ ಮುಂಚೆಯೇ, ಬಿಳಿಚಿಕೊಂಡ ಮುಖದಲ್ಲಿ ಕೇಳಿದ: "ಏನೇ ನೀನು, ಪೆಡಲ್ ತುಳಿದ್ಬಿಟ್ಟಾ?"

ಶ್ಯಾಮಲಾ ತನ್ನ ಕಾಲುಗಳನ್ನೇ ಹೊಸದಾಗಿ ಕಂಡವಳಂತೆ ನೋಡಿಕೊಂಡಳು. "ಗೊತ್ತಾಗ್ತಿಲ್ಲ ಕಣ್ರೀ… ತುಳಿದಿರ್ಬೇಕು… ನಾನೇ ತುಳಿದ್ನೇನೋ…"

ಆ ಮಾತಿಗೆ ಆದಷ್ಟು ಭಯ ಬಸಲಿಂಗನಿಗೆ ಪ್ರೆಸ್ಸು ಬಿದ್ದಾಗಲೂ ಆಗಿರಲಿಲ್ಲ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಇಲ್ಲ ತಾಯಿ. ನೀನು ತುಳೀಲಿಲ್ಲ. ನಾನು ನಿನ್ ಕಾಲೇ ನೋಡ್ತಿದ್ದೆ. ಎರಡೂ ಕಂಬಿ ಮೇಲಿದ್ವು. ಯಾರ್ ಏನೇ ಹೇಳ್ಲಿ ನಂಬಬೇಡ. ನೀನು ತುಳೀಲಿಲ್ಲ."

ಆ ಮಾತನ್ನು ಇಪ್ಪತ್ತು ವರ್ಷ ಅವನಿಗೆ ಯಾರೂ ಹೇಳಿರಲಿಲ್ಲ. ಶ್ಯಾಮಲಾ ಅವನ ಬೋಳು ಅಂಗೈ ನೋಡಿದಳು, ಮುಖ ನೋಡಿದಳು. ಎರಡು ಕಾಲನ್ನೂ ಊರಿ ಎದ್ದು ನಿಂತಳು.

"ಕೊಯ್ದಾಕ್ರಲಾ ಅದನ್ನ" ಎಂದು ಶ್ಯಾಮಣ್ಣ ಗ್ಯಾಸ್ ಕಟಿಂಗಿನವರನ್ನು ಕೂಗಿದರು. ದನಿಯಲ್ಲಿ ಗತ್ತು ಇರಲಿಲ್ಲ. ಬಸಲಿಂಗನ ಮುಖ ನೋಡದೆ, "ಈಗ್ಲೇ" ಎಂದರು.

ನೀಲಿ ಬೆಂಕಿ ಹತ್ತಿತು. ಶ್ರೀಧರ್ ಬೈಕ್ ಸ್ಟಾರ್ಟ್ ಮಾಡಿ, ಹೋಗೋಣ ಬಾ ಎಂದು ಕರೆದ. ಶ್ಯಾಮಲಾ ಕದಲಲಿಲ್ಲ. ಬಸಲಿಂಗನ ಪಕ್ಕದಲ್ಲಿ ಕಬ್ಬಿಣದ ಪಟ್ಟಿಯ ಮೇಲೆ ಕೂತಳು.

"ಪೂರ್ತಿ ತುಂಡಾಗ್ಲಿ ಇರ್ರೀ" ಎಂದಳು. "ನೋಡ್ಕೊಂಡೇ ಬರ್ತೀನಿ."