ಬೆಲ್ಲ ಕಲಸಿ ಕುಡಿದ ಆಂಟಿಆಕ್ಸಿಡೆಂಟ್

ನಮ್ಮಕ್ಕನ ಗಂಡ ಶಿವಪ್ಪ ಮಾಮಾ ಸಕ್ಕರೆ ಬಿಟ್ಟು ಎಷ್ಟೋ ವರ್ಷವಾಯಿತು. ಚಹಾಕ್ಕೆ ಹಾಕುವುದಿಲ್ಲ, ಪೇಢೆ ಮುಟ್ಟುವುದಿಲ್ಲ. ಡಯಾಬಿಟಿಸ್ ಎಂದರೆ ಅಷ್ಟು ಭಯ. ಬೆಲ್ಲ ಮಾತ್ರ ಶೇಂಗಾ ಜೊತೆ ಮುಷ್ಟಿಗಟ್ಟಲೆ ತಿನ್ನುತ್ತಾರೆ.

"ಬೆಲ್ಲ ಎಲ್ಲೇರ ಸಕ್ಕರಿ ಆಗತೈತೇನವಾ? ಸಕ್ಕರಿ ಅಂದ್ರ ಫ್ಯಾಕ್ಟರಿದು. ಬೆಲ್ಲ ನಮ್ಮ ಗಾಣದ್ದು."

(ಫ್ಯಾಕ್ಟರಿಗೆ ಹೋಗುವುದೂ ಇವರದೇ ಹೊಲದ ಕಬ್ಬು. ಹಾಗೆಂದರೆ ಸಿಟ್ಟು ಬರುತ್ತದೆ.) ಗಾಣಕ್ಕೆ ಹೋದವರು ಬಿಸಿ ಬೆಲ್ಲ ತಿನ್ನದೆ ಬರಬಾರದು ಎಂಬುದು ಅವರ ಕಡೆಯ ಪದ್ಧತಿ. ಮಾಮಾ ಸುಗ್ಗಿ ಮುಗಿಯುವವರೆಗೂ ದಿನಾ ಹೋಗುತ್ತಾರೆ.

ಅವರ ಕಾಲ್ಬೆರಳ ಗಾಯ ದೀಪಾವಳಿಯಿಂದ ಮಾಯ್ದಿರಲಿಲ್ಲ. ನೋಡಿ ಬರೋಣವೆಂದು ಹೋದ ತಿಂಗಳು ದಾಂಡೇಲಿಯಿಂದ ಬಸ್ಸು ಹಿಡಿದು ಹಳಿಯಾಳಕ್ಕೆ ಹೋದೆ. ಅಕ್ಕ ಗಾಯ ತೊಳೆಯುತ್ತಿದ್ದಳು. ಮಾಮಾ ಕಪ್ಪು ಔಷಧದ ಬಾಟಲಿ ಹಿಡಿದು ಕುಳಿತಿದ್ದರು. ಆ ಬಿಸಿಲಲ್ಲೂ ಟೈ ಕಟ್ಟಿಕೊಂಡು ಮನೆಮನೆ ತಿರುಗುವ ಏಜೆಂಟ್ ಒಬ್ಬ ಮಾರಿದ ಆಂಟಿಆಕ್ಸಿಡೆಂಟ್. ರಕ್ತಕ್ಕೆ ಕಾವಲಂತೆ! ವಿಪರೀತ ಕಹಿ. ಅದಕ್ಕೆ ಮಾಮಾ ಏನು ಮಾಡುತ್ತಿದ್ದರು ಗೊತ್ತೇ? ಒಂದು ಹೆಂಟೆ ಬೆಲ್ಲ ಕಲಸಿ ಕುಡಿಯುತ್ತಿದ್ದರು.

ಜಗಳವಾಡಿ ಧಾರವಾಡಕ್ಕೆ ಕರೆದೊಯ್ದೆವು. ಡಾಕ್ಟರು ಬಾಟಲಿಯ ಕಥೆ ಕೇಳಿ ಹಣೆ ಉಜ್ಜಿಕೊಂಡರು.

"ರಕ್ತದಾಗ ಅಲ್ಬುಮಿನ್ ಅಂತ ಒಂದು ಪ್ರೋಟೀನ್ ಐತ್ರಿ ಯಜಮಾನ್ರ. ನೀವು ಬಾಟ್ಲ್ಯಾಗ ಹುಡುಕೋ ಕೆಲಸಾ ಅದು ಪುಕ್ಕಟೆ ಮಾಡತೈತಿ. ರಕ್ತನಾಳ ಕೆಡಸೋವಂಥಾವು ಬಂದ್ರ ತಾನ ಮುಂದ ಹೋಗಿ ಹಿಡೀತೈತಿ. ಸಕ್ಕರಿ ಹೆಚ್ಚಾತಂದ್ರ ಅದಕ್ಕ ಅಂಟಿಕೋತೈತಿ. ಆಮ್ಯಾಲೆ ಅದರ ಕೈಲೆ ಕಾಯೂದು ಆಗೂದಿಲ್ಲ, ತಾನೂ ಕೆಡತೈತಿ."

"ಬೆಲ್ಲಾನೂ ಅಂಟತೈತೇನ್ರಿ?"

"ಫ್ಯಾಕ್ಟರಿದ್ಯಾವುದು, ಗಾಣದ್ಯಾವುದು ರಕ್ತಕ್ಕ ಗೊತ್ತಾಗೂದಿಲ್ರಿ."

ಗಾಯಕ್ಕೆ ಅದೊಂದೇ ಕಾರಣವಲ್ಲ, ನರಗಳೂ ಸೋತಿವೆ, ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಎಂದರು. ಕೊನೆಗೆ ಬೆರಳು ತೆಗೆಯಲೇಬೇಕಾಯಿತು. ಅಕ್ಕ ಹೊರಗಿನ ಬೆಂಚಿನಲ್ಲಿ ಸೆರಗು ಬಾಯಿಗೊತ್ತಿ ಕುಳಿತಳು. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು.

ಮಾಮಾ ಒಬ್ಬರೇ ಎಂದುಕೊಳ್ಳಬೇಡಿ. ಶುಗರ್ ಟೆಸ್ಟ್ ಹತ್ತಿರ ಬಂದಾಗ ಉಪವಾಸ ಬಿದ್ದು ರಿಪೋರ್ಟ್ 'ಪಾಸ್' ಮಾಡಿಸಿಕೊಂಡು, ಬರುವಾಗ ಜಿಲೇಬಿ ಕಟ್ಟಿಸಿಕೊಳ್ಳುವ ಮಹಾನುಭಾವರು ನಮ್ಮ ಓಣಿಯಲ್ಲೇ ಇದ್ದಾರೆ. ಡಾಕ್ಟರಿಗೆ ಟೋಪಿ ಹಾಕಿದೆವೆಂದು ಹಿಗ್ಗು ಬೇರೆ. ಅಲ್ಲ, ಆ ರಕ್ತ ಯಾರದು? ಡಾಕ್ಟರದೇ? ಮೈಯೊಳಗೆ ದುಡಿಯುವುದನ್ನು ಕೈಯಾರೆ ಕೆಡಿಸಿ, ಅದೇ ಕೆಲಸಕ್ಕೆ ಬಾಟಲಿ ತರುವ ಜಾಣರಿಗೆ ಏನು ಹೇಳುವುದು?

ವಾರ್ಡಿನಲ್ಲಿ ಮಾಮಾಗೆ ಎಚ್ಚರವಾಯಿತು. ಬ್ಯಾಂಡೇಜ್ ಕಟ್ಟಿದ ಕಾಲನ್ನು ಬಹಳ ಹೊತ್ತು ನೋಡಿದರು. ಇನ್ನಾದರೂ ಬುದ್ಧಿ ಬಂದಿರಬೇಕು ಎಂದುಕೊಂಡು ಹತ್ತಿರ ಹೋದೆ.

"ನೋಡಿದೇನವಾ," ಎಂದರು. "ಆ ಔಷಧ ಕುಡೀತಿದ್ನಿ ಅಂತ ಬರೇ ಬೆರಳ ಹೋತು. ಇಲ್ಲಂದ್ರ ಇಡೀ ಕಾಲ ಹೋಗತಿತ್ತು."

ಈ ಕಾಯಿಲೆಗೆ ಧಾರವಾಡದಲ್ಲಿ ಯಾವ ವಾರ್ಡಿದೆ, ಯಾರಾದರೂ ಹೇಳುತ್ತೀರಾ?